ಜೋಳದ ತೆನೆಯ ಕಾಡಿಗೆ: ಒಂದು ಶಿಲೀಂಧ್ರದ ರೂಪ, ಕುಲ ಮತ್ತು ಹೆಸರು



ಗದುಗಿನಲ್ಲಿ ದತ್ತಿ ಉಪನ್ಯಾಸವೆಂದರೆ ಕುಮಾರವ್ಯಾಸನ ಬಗ್ಗೆಯೋ ವಚನಗಳ ಬಗ್ಗೆಯೋ ಇರುವುದು ವಾಡಿಕೆ. ವೀರನಾರಾಯಣನ ಗುಡಿ ಇರುವ ಊರಿನಲ್ಲಿ, ಬರಿಗಣ್ಣಿಗೆ ಕಾಣದ ಒಂದು ಶಿಲೀಂಧ್ರದ ಬಗ್ಗೆ ಮಾತಾಡಿರಿ ಎಂದ ಸಂಘಟಕರ ಧೈರ್ಯವನ್ನು ಮೆಚ್ಚಬೇಕು. ದತ್ತಿ ಇಟ್ಟವರು ಒಕ್ಕಲುತನದ ಮನೆತನದವರು ಎಂದು ತಿಳಿದ ಮೇಲೆ ವಿಷಯ ಹುಡುಕಲು ನಾನು ಹೆಚ್ಚು ದೂರ ಹೋಗಲಿಲ್ಲ. ನಮ್ಮ ಜೋಳದ ತೆನೆಗೆ ಬೀಳುವ ಕಾಡಿಗೆಯನ್ನೇ ಆರಿಸಿಕೊಂಡೆ. ಅದನ್ನು ಉಂಟುಮಾಡುವ ಶಿಲೀಂಧ್ರದ ಈಗಿನ ಹೆಸರು ಸ್ಪೋರಿಸೋರಿಯಂ ಸೋರ್ಘಿ. ಅದರ ರೂಪ ಎಂಥದು, ಜೀವಿಗಳ ವರ್ಗೀಕರಣದಲ್ಲಿ ಅದರ ಜಾಗ ಎಲ್ಲಿ, ಆ ಜಾಗ ಯಾಕೆ ಮತ್ತೆ ಮತ್ತೆ ಬದಲಾಯಿತು ಎಂಬುದು ಇಂದಿನ ಮಾತು. ಇದರ ಹಿಂದೆ ನನ್ನದೊಂದು ಹಟವೂ ಇದೆ. ಬೆಳೆಗೆ ರೋಗ ಬಂದರೆ ಔಷಧ ಯಾವುದು ಎಂದು ಕೇಳುವವರು ಬಹಳ. ರೋಗ ತಂದದ್ದು ನೋಡಲು ಹೇಗಿದೆ, ಎಲ್ಲಿ ಕೂತಿದೆ ಎಂದು ಕೇಳುವವರು ಕಡಿಮೆ. ಜೋಳದ ಕಾಡಿಗೆಯ ಮಟ್ಟಿಗೆ ಎರಡನೆಯ ಪ್ರಶ್ನೆ ಬಗೆಹರಿಯದೆ ಮೊದಲನೆಯದು ಬಗೆಹರಿಯಲಿಲ್ಲ.

ಎಳ್ಳಮಾಸಿಗೆ ಚರಗ ಚೆಲ್ಲಲು ಎರಿಹೊಲಕ್ಕೆ ಹೋದವರು, ಸೀತನಿ ತಿನ್ನಲು ಹೋದವರು ಇದನ್ನು ನೋಡಿಯೇ ಇರುತ್ತೀರಿ. ಗಿಡ ಎತ್ತರದಲ್ಲಿ, ಎಲೆಯಲ್ಲಿ, ದಂಟಿನಲ್ಲಿ ಪಕ್ಕದ ಗಿಡದಂತೆಯೇ ಇರುತ್ತದೆ. ತೆನೆಯ ಹತ್ತಿರ ಹೋಗಿ ನೋಡಿದರೆ ಕಾಳಿರಬೇಕಾದ ಜಾಗದಲ್ಲಿ ಬೂದು ಬಣ್ಣದ, ತುದಿ ಮೊಂಡಾದ ಸಣ್ಣ ಚೀಲಗಳು. ಉಗುರಿನಿಂದ ಒತ್ತಿದರೆ ಚೀಲ ಒಡೆದು ಕಪ್ಪು ಪುಡಿ ಬೆರಳಿಗೆ ಹತ್ತುತ್ತದೆ. "ಈ ಸಲ ತೆನಿಗೆ ಕಾಡಿಗಿ ಬಿದ್ದೈತ್ರಿ" ಎಂದು ರೈತರು ಹೇಳುವುದು ಇದನ್ನೇ. ಕೆಲವು ತೆನೆಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಾಳುಗಳೂ ಹೀಗಾಗಿರುತ್ತವೆ. ಕೆಲವದರಲ್ಲಿ ಅರ್ಧ ಕಾಳು, ಅರ್ಧ ಕಾಡಿಗೆ. ಸುಗ್ಗಿಯ ಹೊತ್ತಿಗೆ ಮಳೆ ಹಿಡಿದು ಕಾಳಿನ ಮೇಲ್ಮೈ ಕಪ್ಪಾಗುವುದನ್ನೂ ಕೆಲವರು ಕಾಡಿಗೆ ಎನ್ನುತ್ತಾರೆ. ಅದು ಬೇರೆ ಶಿಲೀಂಧ್ರಗಳ ಕೆಲಸ. ಅಲ್ಲಿ ಕಾಳು ಇದೆ, ಮೇಲೆ ಬೂಷ್ಟು ಬಂದಿದೆ. ಇಲ್ಲಿ ಕಾಳೇ ಇಲ್ಲ.

ಆ ಚೀಲಕ್ಕೆ ಸಸ್ಯಶಾಸ್ತ್ರದಲ್ಲಿ ಸೋರಸ್ ಎನ್ನುತ್ತಾರೆ. ಉದ್ದ ಸಾಮಾನ್ಯವಾಗಿ 3ರಿಂದ 12 ಮಿಲಿಮೀಟರ್, ಅಗಲ 2ರಿಂದ 4. ಜೋಳದ ಹೂವಿನ ಅಂಡಾಶಯದ ಜಾಗದಲ್ಲೇ ಅದು ಬೆಳೆಯುತ್ತದೆ. ಬುಡದಲ್ಲಿ ಹೊಟ್ಟಿನ ಸಿಪ್ಪೆಗಳು ಎಂದಿನಂತೆ ಉಳಿದಿರುತ್ತವೆ. ಹೊರಗಿನ ಪೊರೆ ಸ್ವಲ್ಪ ಗಟ್ಟಿ. ಇದನ್ನು ನೆನಪಿಡಿ: ಈ ಪ್ರಭೇದದಲ್ಲಿ ಪೊರೆ ಹೊಲದಲ್ಲಿ ಸುಲಭವಾಗಿ ಹರಿಯುವುದಿಲ್ಲ, ಬಹುಪಾಲು ಚೀಲಗಳು ಇಡಿಯಾಗಿಯೇ ಕಣಕ್ಕೆ ಬರುತ್ತವೆ. ಬ್ಲೇಡಿನಿಂದ ಚೀಲವನ್ನು ಉದ್ದಕ್ಕೆ ಸೀಳಿದರೆ ನಡುವೆ ಒಂದು ಗಟ್ಟಿ ಕಂಬ ನಿಂತಿರುತ್ತದೆ. ಜೋಳದ ಗಿಡದ್ದೇ ಅಂಗಾಂಶದಿಂದ ಆದ ಕಂಬ ಅದು. ಕಂಬಕ್ಕೂ ಪೊರೆಗೂ ನಡುವಿನ ಜಾಗವೆಲ್ಲ ಕಪ್ಪು ಪುಡಿ.

ಈ ಪುಡಿಯನ್ನು ಕಾಲೇಜಿನ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ನೋಡಬಹುದು. ಸೂಜಿಯ ತುದಿಗೆ ಹತ್ತಿದಷ್ಟು ಪುಡಿ ಸಾಕು. ಹೆಚ್ಚಾದರೆ ಗಾಜಿನ ಮೇಲೆ ಬರಿ ಕತ್ತಲೆ ಕಾಣುತ್ತದೆ. ಒಂದು ಹನಿ ಲ್ಯಾಕ್ಟೋಫಿನಾಲ್, ಮೇಲೆ ತೆಳುಗಾಜು, 400 ಪಟ್ಟು ಹಿಗ್ಗಿಸುವ ಮಸೂರ. ಬರಿಗಣ್ಣಿಗೆ ಕಪ್ಪಾಗಿದ್ದದ್ದು ಅಲ್ಲಿ ತಿಳಿಗಂದು. ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಒಂದು ಬೀಜಕ. ಒಂದೊಂದೂ ದುಂಡಗೆ, ಬಿಡಿಬಿಡಿಯಾಗಿ, 5ರಿಂದ 9 ಮೈಕ್ರೋಮೀಟರ್ ಅಡ್ಡಳತೆಯದು. ಒಂದು ಮಿಲಿಮೀಟರ್ ಉದ್ದಕ್ಕೆ ಒಂದರ ಪಕ್ಕ ಒಂದು ಇಟ್ಟರೆ ನೂರಕ್ಕೂ ಮೇಲೆ ಹಿಡಿಸುತ್ತವೆ. ಬೀಜಕದ ಗೋಡೆ ಈ ಮಸೂರದಲ್ಲಿ ನುಣುಪಾಗಿ ಕಾಣುತ್ತದೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮಾತ್ರ ಅದರ ಮೇಲಿನ ಅತಿ ಸಣ್ಣ ಮುಳ್ಳುಗಳು ತೋರುತ್ತವೆ.

ಗಾಜನ್ನು ಸ್ವಲ್ಪ ಸರಿಸಿದರೆ ಬೀಜಕಗಳ ನಡುವೆ ಬಣ್ಣವಿಲ್ಲದ, ತೆಳು ಗೋಡೆಯ, ಬೀಜಕಕ್ಕಿಂತ ದೊಡ್ಡ ಕೋಶಗಳ ಗುಂಪುಗಳೂ ಸಿಗುತ್ತವೆ. ಇವು ಬಂಜೆ ಕೋಶಗಳು. ಮೊಳೆಯುವುದಿಲ್ಲ, ರೋಗ ಹರಡುವುದಿಲ್ಲ. ನೋಡುವವರು ಇವನ್ನು ಕೊಳೆ ಎಂದೋ ಗಾಳಿಗುಳ್ಳೆ ಎಂದೋ ಬಿಟ್ಟುಬಿಡುತ್ತಾರೆ. ಬಿಡಬಾರದು. ನಡುವಿನ ಕಂಬ, ಹೊರಗಿನ ಪೊರೆ, ಈ ಬಂಜೆ ಕೋಶಗಳು ಮೂರೂ ಒಟ್ಟಿಗೆ ಇದ್ದರೇನೇ ಇದು ಸ್ಪೋರಿಸೋರಿಯಂ ಎಂದು ಹೇಳಲು ಧೈರ್ಯ ಬರುತ್ತದೆ.

ಲ್ಯಾಕ್ಟೋಫಿನಾಲ್ ಬದಲು ಶುದ್ಧ ನೀರಿನಲ್ಲಿ ಬೀಜಕಗಳನ್ನು ಹಾಕಿ ಕೋಣೆಯ ತಂಪಿನಲ್ಲಿಟ್ಟರೆ ಮುಂದಿನ ಆಟ ಕಾಣುತ್ತದೆ. ಬೀಜಕದ ಗೋಡೆ ಒಡೆದು ಒಂದು ಗಿಡ್ಡ ಕೊಳವೆ ಹೊರಬರುತ್ತದೆ. ಅದಕ್ಕೆ ಮೂರು ಅಡ್ಡಗೋಡೆಗಳೆದ್ದು ನಾಲ್ಕು ಕೋಣೆಗಳಾಗುತ್ತವೆ. ಒಂದೊಂದು ಕೋಣೆಯಿಂದ ಉದ್ದುದ್ದ ಮರಿಬೀಜಕಗಳು ಚಿಗುರುತ್ತವೆ. ನಾಲ್ಕೇ ಯಾಕೆ ಎಂದರೆ, ಕಪ್ಪು ಬೀಜಕದೊಳಗಿನ ಜೋಡಿ ವರ್ಣತಂತುಗಳು ಈ ಹಂತದಲ್ಲಿ ಅರ್ಧಗೊಂಡು ನಾಲ್ಕು ಕೋಶಕೇಂದ್ರಗಳಾಗಿರುತ್ತವೆ. ಮರಿಬೀಜಕ ಒಂಟಿಯಾಗಿ ಜೋಳಕ್ಕೆ ಏನೂ ಮಾಡಲಾರದು. ತನಗೆ ಹೊಂದುವ ಇನ್ನೊಂದು ಬಗೆಯ ಮರಿಬೀಜಕದೊಡನೆ ಕೂಡಿ, ಎರಡೆರಡು ಕೇಂದ್ರಗಳಿರುವ ಎಳೆಯಾದಾಗ ಮಾತ್ರ ಅದಕ್ಕೆ ಸಸಿಯೊಳಗೆ ನುಗ್ಗುವ ಶಕ್ತಿ.

ಇದೇ ಹಂತದಲ್ಲಿ ವರ್ಗೀಕರಣದ ಮೊದಲ ಬಾಗಿಲೂ ತೆರೆಯುತ್ತದೆ. ಅರ್ಧಗೊಂಡ ಕೇಂದ್ರಗಳನ್ನು ಹೊರಚಾಚಿದ ಬೀಜಕಗಳಿಗೆ ಹಂಚುವ ಈ ಅಂಗಕ್ಕೆ ಬೆಸಿಡಿಯಂ ಎಂದು ಹೆಸರು. ಬೆಸಿಡಿಯಂ ಇರುವ ಶಿಲೀಂಧ್ರಗಳೆಲ್ಲ ಬೆಸಿಡಿಯೋಮೈಕೋಟಾ ವಿಭಾಗದವು. ನಾವು ಪಲ್ಯ ಮಾಡಿ ಉಣ್ಣುವ ಅಣಬೆಯೂ ಅದೇ ವಿಭಾಗದ್ದು. ಜೋಳದ ತೆನೆಯ ಕರಿಪುಡಿಗೂ ಅಣಬೆಗೂ ನಂಟು ಎಂದರೆ ಮೊದಲ ಸಲ ಕೇಳಿದ ವಿದ್ಯಾರ್ಥಿಗಳು ನಗುತ್ತಾರೆ. ಬೆಸಿಡಿಯಂ ತೋರಿಸಿದ ಮೇಲೆ ಒಪ್ಪುತ್ತಾರೆ. ವಿಭಾಗದೊಳಗೆ ಇದರ ವರ್ಗ ಉಸ್ಟಿಲಾಜಿನೋಮೈಸಿಟಿಸ್, ಗಣ ಉಸ್ಟಿಲಾಜಿನೇಲಿಸ್, ಕುಟುಂಬ ಉಸ್ಟಿಲಾಜಿನೇಸಿ. ಗೋವಿನಜೋಳದ ಕಾಡಿಗೆಯೂ ಇದೇ ಕುಟುಂಬದ್ದು. ಮೆಕ್ಸಿಕೋದವರು ಆ ಕಾಡಿಗೆಯ ಎಳೆಗಂಟುಗಳನ್ನು ರುಚಿಯ ಪದಾರ್ಥವೆಂದು ಹುರಿದು ತಿನ್ನುತ್ತಾರೆ. ನಮ್ಮಲ್ಲಿ ಅದನ್ನು ಯಾರಿಗೂ ಬಡಿಸುವ ಉದ್ದೇಶ ನನಗಿಲ್ಲ.

ಇನ್ನು ಹೆಸರಿನ ಚರಿತ್ರೆ. ಇದು ಈಜಿಪ್ಟಿನಿಂದ ಶುರುವಾಗುತ್ತದೆ. ಬರ್ಲಿನ್ನಿನಲ್ಲಿ ವೈದ್ಯಕೀಯ ಓದಿ, 1818ರಲ್ಲಿ ಆ ಊರಿನ ಶಿಲೀಂಧ್ರಗಳ ಮೇಲೆಯೇ ಪ್ರಬಂಧ ಬರೆದ ಕ್ರಿಸ್ಟಿಯಾನ್ ಗಾಟ್‌ಫ್ರೀಡ್ ಏರನ್‌ಬರ್ಗ್ 1820ರಲ್ಲಿ ಗೆಳೆಯ ಹೆಂಪ್ರಿಖ್ ಜತೆ ನೈಲ್ ನದಿಯ ಕಡೆ ಹೊರಟ. ಗೆಳೆಯ 1825ರಲ್ಲಿ ಕೆಂಪು ಸಮುದ್ರದ ದಡದ ಮಸಾವಾದಲ್ಲಿ ತೀರಿಕೊಂಡ. ಏರನ್‌ಬರ್ಗ್ ರಾಶಿಗಟ್ಟಲೆ ಮಾದರಿಗಳೊಂದಿಗೆ ಮರಳಿದ. ಜೋಳದ ಕಾಡಿಗೆಗೆ ಅವನಿಟ್ಟ ಹೆಸರನ್ನು ಬರ್ಲಿನ್ನಿನ ಸಸ್ಯಶಾಸ್ತ್ರಜ್ಞ ಲಿಂಕ್ 1825ರಲ್ಲಿ ಸ್ಪೋರಿಸೋರಿಯಂ ಸೋರ್ಘಿ ಎಂದು ಅಚ್ಚು ಹಾಕಿಸಿದ. ಕುಲವೂ ಆಗಲೇ ಇದರೊಂದಿಗೆ ಹುಟ್ಟಿದ್ದರಿಂದ ಇದು ಆ ಕುಲದ ಮಾದರಿ ಪ್ರಭೇದ. ಹುಲ್ಲುಜಾತಿಯ ಗಿಡಗಳ ಮೇಲೆ ಬರುವ ನೂರಾರು ಕಾಡಿಗೆ ಶಿಲೀಂಧ್ರಗಳು ಇಂದು ಈ ಕುಲದಲ್ಲಿವೆ. ಅವೆಲ್ಲಕ್ಕೂ ಅಳತೆಗೋಲು ಜೋಳದ ಈ ಕಾಡಿಗೆಯೇ.

ಆದರೆ ಈ ಹೆಸರು ನೂರಕ್ಕೂ ಹೆಚ್ಚು ವರ್ಷ ಮೂಲೆಗೆ ಬಿದ್ದಿತ್ತು. 1847ರಲ್ಲಿ ಫ್ರಾನ್ಸಿನ ಟ್ಯೂಲಾನ್ ಸೋದರರು ಇದನ್ನು ಟಿಲ್ಲೀಶಿಯಾ ಕುಲಕ್ಕೆ, ಅಂದರೆ ಗೋಧಿಯ ನಾರುವ ಕಾಡಿಗೆಯ ಪಂಗಡಕ್ಕೆ ಸೇರಿಸಿದರು. 1873ರಲ್ಲಿ ಇಟಲಿಯ ಪಾಸೆರಿನಿ ಅದನ್ನು ಉಸ್ಟಿಲಾಗೋ ಕುಲಕ್ಕೆ ಒಯ್ದ. 1884ರಲ್ಲಿ ಜರ್ಮನಿಯ ಡಿ ಬಾರಿ ನೀರಿನಂಚಿನಲ್ಲಿ ಬೆಳೆಯುವ ಪಾಲಿಗೋನಂ ಗಿಡದ ಹೂವಿನಲ್ಲಿ ಬರುವ ಒಂದು ಕಾಡಿಗೆಯನ್ನು ಅಭ್ಯಾಸ ಮಾಡಿ ಸ್ಫಾಸಿಲೋಥೀಕಾ ಎಂಬ ಹೊಸ ಕುಲ ಕಟ್ಟಿದ. ಅದರಲ್ಲೂ ಹೊರಗೊಂದು ಪೊರೆ, ನಡುವೊಂದು ಕಂಬ. ಅಮೆರಿಕೆಯ ಕ್ಲಿಂಟನ್ 1902ರಲ್ಲಿ ಈ ಹೋಲಿಕೆ ಕಂಡು ಜೋಳದ ಕಾಡಿಗೆಯನ್ನು ಸ್ಫಾಸಿಲೋಥೀಕಾ ಸೋರ್ಘಿ ಮಾಡಿದ. ಈ ಸಭೆಯಲ್ಲಿರುವ ಹಿರಿಯ ಕೃಷಿ ಪದವೀಧರರು ಪರೀಕ್ಷೆಯಲ್ಲಿ ಬರೆದ ಹೆಸರು ಅದೇ. ಕೆಲವು ಪಠ್ಯಪುಸ್ತಕಗಳು ಇನ್ನೂ ಅದನ್ನೇ ಬರೆಯುತ್ತವೆ.

ಪೊರೆ ಇದೆ, ಕಂಬ ಇದೆ, ಆದ್ದರಿಂದ ಒಂದೇ ಕುಲ ಎಂಬ ವಾದ ಎಲ್ಲಿ ಮುರಿಯಿತು? 1978ರಲ್ಲಿ ಲ್ಯಾಂಗ್ಡನ್ ಮತ್ತು ಫುಲ್ಲರ್ಟನ್ ಎಂಬಿಬ್ಬರು ಬಲಿತ ಚೀಲವನ್ನಷ್ಟೇ ನೋಡುವುದು ಬಿಟ್ಟು, ಚೀಲ ಹುಟ್ಟಿ ಬೆಳೆಯುವ ಕ್ರಮವನ್ನು ಹೋಲಿಸಿದರು. ಪಾಲಿಗೋನಂ ಗಿಡದ ಕಾಡಿಗೆಯಲ್ಲಿ ಬೀಜಕ ಹುಟ್ಟುವ ರೀತಿಯೇ ಬೇರೆ, ಹುಲ್ಲುಜಾತಿಯ ಕಾಡಿಗೆಯಲ್ಲಿ ಬೇರೆ ಎಂದು ಅವರು ತೋರಿಸಿಕೊಟ್ಟರು. ಸ್ಫಾಸಿಲೋಥೀಕಾ ಪಾಲಿಗೋನಂ ಬಳಗಕ್ಕಷ್ಟೇ ಉಳಿಯಲಿ, ಜೋಳದ್ದು ಹಳೆಯ ಸ್ಪೋರಿಸೋರಿಯಂಗೇ ಮರಳಲಿ ಎಂಬ ವಾದಕ್ಕೆ ದಾರಿಯಾಯಿತು. ಆಮೇಲೆ ಕಾಡಿಗೆ ಶಿಲೀಂಧ್ರಗಳಿಗೇ ಬಾಳು ಸವೆಸಿದ ಕಾಲ್ಮನ್ ವಾಂಕಿ ಒಂದೊಂದಾಗಿ ಪ್ರಭೇದಗಳನ್ನು ಸ್ಪೋರಿಸೋರಿಯಂ ಕುಲಕ್ಕೆ ತಂದರು. ಡಿಎನ್‌ಎ ಪರೀಕ್ಷೆ ಬಂದ ಮೇಲಂತೂ ತೀರ್ಪು ಖಚಿತವಾಯಿತು: ಡಿ ಬಾರಿಯ ಸ್ಫಾಸಿಲೋಥೀಕಾ ನಿಜವಾದ ಕಾಡಿಗೆಗಳ ಗುಂಪಿನದೇ ಅಲ್ಲ, ಅದು ತುಕ್ಕುರೋಗದ ಶಿಲೀಂಧ್ರಗಳಿರುವ ಪುಕ್ಸಿನಿಯೋಮೈಕೋಟಿನಾ ಕವಲಿಗೆ ಸೇರಿದ್ದು. ಎಪ್ಪತ್ತಾರು ವರ್ಷ ಒಂದೇ ಮನೆಯವರೆಂದು ಬರೆದಿಟ್ಟಿದ್ದವರು ಬೇರೆ ಬೇರೆ ವಂಶದವರಾಗಿದ್ದರು. ವಿಜ್ಞಾನಿಗಳಿಗೆ ಹೆಸರು ಬದಲಿಸುವುದೇ ಕೆಲಸ ಎಂದು ರೇಗುವವರಿಗೆ ನನ್ನ ಉತ್ತರ ಇಷ್ಟೇ: ಈ ಬದಲಾವಣೆಯಲ್ಲಿ ನೋಟ ಆಳವಾಯಿತು, ಬರಿ ಮೇಲುಹೋಲಿಕೆ ನಂಬಬಾರದೆಂಬುದು ಸಾಬೀತಾಯಿತು.

ಇದೇ ಮಾತು ಹೊಲದಲ್ಲೂ ನಿಜ. ಜೋಳಕ್ಕೆ ಬೀಳುವ ಕಾಡಿಗೆ ಒಂದಲ್ಲ, ನಾಲ್ಕು. ನಾನು ಈವರೆಗೆ ಹೇಳಿದ್ದು ಕಾಳು ಕಾಡಿಗೆ. ಎರಡನೆಯದು ಬಿಡಿ ಕಾಡಿಗೆ, ಸ್ಪೋರಿಸೋರಿಯಂ ಕ್ರುಯೆಂಟಂ. ಇದು ಬಂದ ಗಿಡ ಗಿಡ್ಡವಾಗಿ, ದಂಟು ಸಣ್ಣದಾಗಿ, ಉಳಿದವುಗಳಿಗಿಂತ ಮೊದಲೇ ತೆನೆ ಹಾಯುತ್ತದೆ. ಪೊರೆ ಬೇಗ ಹರಿದು ಪುಡಿ ಗಾಳಿಗೆ ಹಾರಿ, ಉದ್ದನೆಯ ಬಾಗಿದ ಕಂಬಗಳು ತೆನೆಯ ಮೇಲೆ ಉಳಿಯುತ್ತವೆ. ಮೂರನೆಯದು ತೆನೆ ಕಾಡಿಗೆ, ಸ್ಪೋರಿಸೋರಿಯಂ ರೈಲಿಯಾನಂ. ಕಾಳುಗಳಲ್ಲ, ಇಡೀ ತೆನೆಯೇ ಬಿಳಿ ಪೊರೆ ಹೊದ್ದ ಒಂದು ದೊಡ್ಡ ಗಂಟಾಗಿ ಹೊರಬರುತ್ತದೆ. ಪೊರೆ ಹರಿದ ಮೇಲೆ ಕಪ್ಪು ನಾರುಗಳ ಜೊಂಪೆ ಉಳಿಯುತ್ತದೆ. ಇದರ ಬೀಜಕ 9ರಿಂದ 14 ಮೈಕ್ರೋಮೀಟರ್, ಮೈಮೇಲೆ ಎದ್ದು ಕಾಣುವ ಮುಳ್ಳು. ನಾಲ್ಕನೆಯದು ಉದ್ದ ಕಾಡಿಗೆ. ಇದಕ್ಕೆ ಏರನ್‌ಬರ್ಗನ ಹೆಸರನ್ನೇ ಇಟ್ಟಿದ್ದಾರೆ. ಬಹುಕಾಲ ಟೋಲಿಪೋಸ್ಪೋರಿಯಂ ಏರನ್‌ಬರ್ಗಿ ಎಂದೇ ಪ್ರಸಿದ್ಧ. ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಮಾತ್ರ 4 ಸೆಂಟಿಮೀಟರ್‌ವರೆಗೂ ನೀಳವಾದ, ತುಸು ಬಾಗಿದ ಕೋಡಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಬೀಜಕಗಳು ಬಿಡಿಯಾಗಿರದೆ ಉಂಡೆ ಕಟ್ಟಿರುತ್ತವೆ.

ನಾಲ್ಕನ್ನೂ ಬೇರೆ ಬೇರೆ ಮಾಡುವುದರಿಂದ ರೈತನಿಗೆ ಏನು ಬಂತು? ಎಲ್ಲವೂ ಬಂತು. ಕಾಳು ಕಾಡಿಗೆಯ ಇಡಿಯ ಚೀಲ ಕಣಕ್ಕೆ ಬರುತ್ತದೆ ಎಂದೆನಲ್ಲ? ಹಂತಿ ಹೂಡಿ ಎತ್ತಿನ ಕಾಲಲ್ಲಿ ತುಳಿಸಿದಾಗ, ರೋಣಗಲ್ಲು ಉರುಳಿಸಿದಾಗ, ಈಗ ಯಂತ್ರಕ್ಕೆ ಕೊಟ್ಟಾಗ ಆ ಚೀಲಗಳು ಒಡೆಯುತ್ತವೆ. ಪುಡಿ ರಾಶಿಯ ಒಳ್ಳೆಯ ಕಾಳುಗಳ ಮೈಗೆ ಹತ್ತುತ್ತದೆ. ತೂರಿದರೆ ಹೊಟ್ಟು ಹೋಗುತ್ತದೆ, ಇದು ಪೂರ್ತಿ ಹೋಗುವುದಿಲ್ಲ. ಒಣಗಿದ ಜಾಗದಲ್ಲಿ ಬೀಜಕ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಮುಂದಿನ ಹಂಗಾಮಿನಲ್ಲಿ ಅದೇ ರಾಶಿಯಿಂದ ತೆಗೆದ ಬೀಜ ಕೂರಿಗೆಯ ಮೂಲಕ ಮಣ್ಣಿಗೆ ಬಿದ್ದಾಗ, ಕಾಳು ಮೊಳೆಯುವ ಹೊತ್ತಿಗೇ ಬೀಜಕವೂ ಮೊಳೆಯುತ್ತದೆ. ಮೊಳಕೆ ನೆಲದ ಮೇಲೆ ತಲೆ ಎತ್ತುವ ಮೊದಲೇ ಎಳೆ ಒಳಹೊಕ್ಕಾಗಿರುತ್ತದೆ. ತೇವ ಕಡಿಮೆಯಿದ್ದು ಸಸಿ ಮೇಲೇಳುವುದು ತಡವಾದಷ್ಟೂ ಅದಕ್ಕೆ ಅನುಕೂಲ. ಅಲ್ಲಿಂದ ಮುಂದೆ ಗಿಡದ ಬೆಳೆಯುವ ತುದಿಯ ಜತೆಗೇ ಎಳೆಯೂ ಏರುತ್ತ ಹೋಗುತ್ತದೆ, ಹೊರಗೆ ಒಂದು ಗುರುತೂ ತೋರದು. ಹೂವು ಮೂಡಿದಾಗ ಅಂಡಾಶಯವನ್ನು ಹಿಡಿಯುತ್ತದೆ. ಅಂದರೆ ಡಿಸೆಂಬರಿನಲ್ಲಿ ನಾವು ಕಾಣುವ ರೋಗ ಸೆಪ್ಟೆಂಬರ್-ಅಕ್ಟೋಬರಿನ ಬಿತ್ತನೆಯ ವಾರದಲ್ಲೇ ಆಗಿಹೋಗಿದೆ. ತೆನೆಗೆ ಔಷಧ ಹೊಡೆಯುವುದು ದುಡ್ಡು ಹಾಳು.

ಹಾಗಾದರೆ ಹೊಡೆತ ಬೀಳಬೇಕಾದದ್ದು ಬಿತ್ತುವ ಮೊದಲು, ಕಾಳಿನ ಮೈಮೇಲೆ. ಈ ತರ್ಕಕ್ಕೆ ಮೂಲಪುರುಷ ಫ್ರಾನ್ಸಿನ ಬೆನೆಡಿಕ್ಟ್ ಪ್ರೆವೋ. ಗೋಧಿಯ ಕಾಡಿಗೆಯ ಬೀಜಕ ಮೊಳೆಯುವುದನ್ನು ಕಣ್ಣಾರೆ ಕಂಡು, ತಾಮ್ರದ ಅಂಶವಿರುವ ನೀರು ಅದನ್ನು ತಡೆಯುತ್ತದೆಂದು 1807ರಲ್ಲೇ ಬರೆದ. ಆಗಿನ ಪಂಡಿತರು ಅವನನ್ನು ನಂಬಲಿಲ್ಲ. ನಮ್ಮ ಕಡೆ ಈ ಕೆಲಸ ಮಾಡಿದವರು ಜಿ.ಎಸ್. ಕುಲಕರ್ಣಿ. ಮುಂಬಯಿ ಪ್ರಾಂತದ ಜೋಳದ ಕಾಡಿಗೆಗಳ ಮೇಲೆ ಅವರು ಬರೆದ ಪುಸ್ತಿಕೆ 1918ರಲ್ಲಿ ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯ 78ನೆಯ ಬುಲೆಟಿನ್ ಆಗಿ ಬಂತು. ಆಗ ಗದಗ, ಮುಂಡರಗಿ ಧಾರವಾಡ ಜಿಲ್ಲೆಯ ಜತೆ ಮುಂಬಯಿ ಪ್ರಾಂತದಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು. ಸಂತೆಯಿಂದ ಸಂತೆಗೆ ಹೋಗುವ ಜೋಳದ ಚೀಲಕ್ಕೆ ಈ ಗಡಿಗಳ ಗೊಡವೆ ಇರಲಿಲ್ಲ, ಅದರೊಳಗಿನ ಬೀಜಕಕ್ಕೂ ಇರಲಿಲ್ಲ. ಬೀಜೋಪಚಾರಕ್ಕೆ ಮರಳಿದರೆ, ತಾಮ್ರವಿರುವ ಮೈಲುತುತ್ತದ ನೀರಿನಲ್ಲಿ ಬೀಜ ಅದ್ದುವುದು ಹಳೆಯ ಪದ್ಧತಿ. ಅದ್ದಿದ ಬೀಜವನ್ನು ಮತ್ತೆ ಒಣಗಿಸಬೇಕು, ಹೆಚ್ಚು ಹೊತ್ತು ಬಿಟ್ಟರೆ ಮೊಳಕೆಗೇ ಪೆಟ್ಟು. ಒಣ ಗಂಧಕದ ಪುಡಿ ಬಂದ ಮೇಲೆ ಆ ರಗಳೆ ತಪ್ಪಿತು. ಒಂದು ಕಿಲೋ ಬೀಜಕ್ಕೆ 4 ಗ್ರಾಂ ನುಣುಪು ಗಂಧಕ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಕುಲುಕಿದರೆ ಮುಗಿಯಿತು. ರೋಗಾಣು ಕಾಳಿನ ಒಳಗಿದ್ದಿದ್ದರೆ ಇಷ್ಟು ಅಗ್ಗದ ಉಪಾಯ ನಡೆಯುತ್ತಿರಲಿಲ್ಲ.

ಬಿಡಿ ಕಾಡಿಗೆಗೂ ಇದೇ ಉಪಾಯ ಸಲ್ಲುತ್ತದೆ. ತೆನೆ ಕಾಡಿಗೆಗೆ ಸಲ್ಲದು. ಅದರ ಬೀಜಕ ಮಣ್ಣಿನಲ್ಲಿ ಉಳಿದು ಅಲ್ಲಿಂದಲೇ ಸಸಿಗೆ ಬರುತ್ತದೆ. ಪೊರೆ ಹರಿಯುವ ಮುಂಚೆ ತೆನೆಯನ್ನು ಚೀಲದೊಳಗೆ ಹಾಕಿ ಕೊಯ್ದು ಸುಡಬೇಕು, ಬೆಳೆ ಬದಲಿಸಬೇಕು. ಉದ್ದ ಕಾಡಿಗೆ ಗಾಳಿಯಲ್ಲಿ ಬಂದು ಹೂವಿಗೆ ತಗಲುತ್ತದೆ. ಅದಕ್ಕೂ ಗಂಧಕ ಹಚ್ಚಿದ ಬೀಜಕ್ಕೂ ಸಂಬಂಧವಿಲ್ಲ. ಬೀಜೋಪಚಾರ ಮಾಡಿಯೂ ಕಾಡಿಗೆ ಬಂತು ಎಂದು ದೂರುವವರು ಯಾವ ಕಾಡಿಗೆ ಬಂತೆಂದು ಮೊದಲು ನೋಡಬೇಕು. ನಾಲ್ಕರ ರೂಪವನ್ನು ಇಷ್ಟು ಹೊತ್ತು ಎಳೆದದ್ದು ಇದಕ್ಕಾಗಿಯೇ.

ಈ ಶಾಸ್ತ್ರಕ್ಕೆ ಕನ್ನಡ ನಾಡಿನ ನಂಟು ಸಣ್ಣದಲ್ಲ. ಭಾರತದ ಕಾಡಿಗೆ ಶಿಲೀಂಧ್ರಗಳ ಸಮಗ್ರ ಗ್ರಂಥ 1952ರಲ್ಲಿ ಇಂಗ್ಲೆಂಡಿನ ಕ್ಯೂನಿಂದ ಪ್ರಕಟವಾಯಿತು. ಬರೆದವರು ಬಿ.ಬಿ. ಮುಂಡ್ಕೂರ್ ಮತ್ತು ಎಂ.ಜೆ. ತಿರುಮಲಾಚಾರ್. ಮುಂಡ್ಕೂರ್ 1947ರಲ್ಲಿ ಭಾರತೀಯ ಸಸ್ಯರೋಗಶಾಸ್ತ್ರ ಸಂಘವನ್ನು ಕಟ್ಟಿದವರು. ಅವರ ಮನೆತನದ ಹೆಸರು ನಮ್ಮ ಕರಾವಳಿಯ ಊರಿನದು. ತಿರುಮಲಾಚಾರ್ ಮೈಸೂರಿನವರು. ಆಮೇಲೆ ಅವರು ಪಿಂಪ್ರಿಯ ಹಿಂದುಸ್ತಾನ್ ಆ್ಯಂಟಿಬಯಾಟಿಕ್ಸ್ ಸೇರಿ, ಶಿಲೀಂಧ್ರಗಳನ್ನೇ ಕೊಲ್ಲುವ ಹ್ಯಾಮೈಸಿನ್, ಆರಿಯೋಫಂಜಿನ್ ಔಷಧಗಳ ಶೋಧದಲ್ಲಿ ಮುಂದಾಳಾದರು. ಕಾಡಿಗೆಯ ಬೀಜಕದ ಮುಳ್ಳು ಎಣಿಸಿದ ಕಣ್ಣೇ ಔಷಧವನ್ನೂ ಹುಡುಕಿತು. ಇಂಥವರ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇಲ್ಲದಿರುವುದು ನಮ್ಮ ದಾರಿದ್ರ್ಯ ಎಂದೇ ನನ್ನ ಎಣಿಕೆ.

ಉಪಚರಿಸಿದ ಬೀಜ, ಹೊಸ ತಳಿಗಳು ಬಂದ ಮೇಲೆ ಕಾಳು ಕಾಡಿಗೆ ಮೊದಲಿನಷ್ಟು ಕಾಣುವುದಿಲ್ಲ. ಮನೆಯ ಬೀಜವನ್ನೇ ಉಪಚಾರವಿಲ್ಲದೆ ಬಿತ್ತುವ ಹೊಲಗಳಲ್ಲಿ ಅದು ಸಿಗುತ್ತದೆ. ಹಿಂಗಾರಿಗೆ ಮಾಲದಂಡಿ ಬಿತ್ತುವವರು ಸ್ವಂತ ಬೀಜ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ, ಬಿಡಬೇಡಿ. ಬಿತ್ತುವ ಮುಂಚೆ ಗಂಧಕ ಹಚ್ಚುವುದನ್ನು ಮಾತ್ರ ಮರೆಯಬೇಡಿ.

ವಿದ್ಯಾರ್ಥಿಗಳಿಗೂ ಅವರ ಅಧ್ಯಾಪಕರಿಗೂ ಒಂದು ಬೇಡಿಕೆ ಇದೆ. ರೋಗ ಅಪರೂಪವಾದಷ್ಟೂ ಅದರ ಮಾದರಿಗೆ ಬೆಲೆ ಹೆಚ್ಚು. ಈ ಹಿಂಗಾರಿಯಲ್ಲಿ ಗದಗಿನ ಎರಿಯಲ್ಲಿ, ಶಿರಹಟ್ಟಿ-ಮುಂಡರಗಿಯ ಮಸಾರಿಯಲ್ಲಿ, ಲಕ್ಷ್ಮೇಶ್ವರದ ಸುತ್ತಿನ ಹೊಲಗಳಲ್ಲಿ ತಿರುಗಾಡಿ ಕಾಡಿಗೆ ಬಿದ್ದ ತೆನೆ ಹುಡುಕಿ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಿ. ಮೇಲೆ ಊರು, ತಾರೀಖು, ಜೋಳದ ತಳಿ, ಮಣ್ಣಿನ ಬಗೆ, ತೆಗೆದವರ ಹೆಸರು ಬರೆಯಿರಿ. ಬೀಜಕ ಅಳೆದು, ಚಿತ್ರ ಬಿಡಿಸಿ, ನಾಲ್ಕರಲ್ಲಿ ಯಾವುದೆಂದು ನೀವೇ ಗುರುತು ಹಚ್ಚಿ. ಒಂದು ಪ್ರತಿ ನಿಮ್ಮ ಕಾಲೇಜಿನ ಕಪಾಟಿನಲ್ಲಿರಲಿ. ಇನ್ನೊಂದನ್ನು ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯ ಅಜ್ರೇಕರ್ ಶಿಲೀಂಧ್ರ ಸಂಗ್ರಹಾಲಯಕ್ಕೋ, ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯಕ್ಕೋ ಪತ್ರ ಬರೆದು ಕೇಳಿಕೊಂಡು ಕಳಿಸಿ.